ತಿರುವಿಲ್ಲದ ದಾರಿಯಲ್ಲಿ ಬಲಗಡೆಯ ದೀಪ

"ಕಣ್ಣು ಕಾಣ್ಸಲ್ವಾ ನಿಮಗೆ? ಕೈ ತೋರಿಸ್ದೆ ಹೀಗೆ ಏಕಾಏಕಿ ತಿರುಗೋದಾ!"

ಬಿದ್ದ ಸೈಕಲ್ಲನ್ನೂ ಎತ್ತದೆ ಅವಳು ಕೂಗಿದಳು. ಮೊಣಕೈ ತರಚಿ ಉರಿಯುತ್ತಿತ್ತು. ಎದುರಿಗೆ, ಮೋಟಾರು ಕೂರಿಸಿದ ಹಳೇ ಸೈಕಲ್ಲಿನ ಪಕ್ಕದಲ್ಲಿ ಒಬ್ಬ ತರುಣ. ಒಂದು ಬಿಳಿ ಡಬ್ಬಿಯನ್ನು ಎಳೆ ಮಗುವಿನಂತೆ ಎದೆಗೆ ಅವುಚಿಕೊಂಡು ನಿಂತಿದ್ದ.

"ಕ್ಷಮಿಸಿ... ತುಂಬಾ ಪೆಟ್ಟಾಯ್ತಾ?"

"ಕೈ ಯಾಕೆ ತೋರಿಸ್ಲಿಲ್ಲ ಅಂತ ಕೇಳ್ದೆ!"

"ಒಂದು ಕೈ ಕ್ಲಚ್ ಮೇಲೆ, ಇನ್ನೊಂದು ಆಕ್ಸಿಲರೇಟರ್ ಮೇಲೆ. ತೋರಿಸೋಕೆ ಮೂರನೇ ಕೈ ಎಲ್ಲಿಂದ ತರ್ಲಿ ಮೇಡಂ?"

ಅವಳಿಗೆ ನಗು ಬಂತು. ಬಂದ ನಗುವನ್ನು ನುಂಗಿಕೊಂಡಳು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ನಡುಬೀದಿಯಲ್ಲಿ ಅಷ್ಟು ಸುಲಭಕ್ಕೆ ನಕ್ಕುಬಿಡುವುದುಂಟೇ?

ಅವನು ಡಬ್ಬಿಯಿಂದ ಹತ್ತಿ ತೆಗೆದ. "ಒರೆಸಲಾ?" ಎಂದು ಕೇಳಿ, ಗಾಯ ಒರೆಸಿ ಪಟ್ಟಿ ಅಂಟಿಸಿದ. ಅಬ್ಬಾ, ಎಷ್ಟು ಹಗುರವಾದ ಬೆರಳುಗಳು! ಉರಿ ಎಲ್ಲಿ ಹೋಯಿತೆಂದೇ ಅವಳಿಗೆ ತಿಳಿಯಲಿಲ್ಲ.

ಅವನು ಲ್ಯಾಬಿನಲ್ಲಿ ಕೆಲಸಕ್ಕಿದ್ದ. ಬೆಳಕು ಹರಿಯುವ ಮುಂಚೆಯೇ ಮನೆಮನೆಗೆ ಹೋಗಿ, ನಡೆಯಲಾಗದ ಹಿರಿಯರ ರಕ್ತ ತೆಗೆದು ತರುತ್ತಿದ್ದ. ಬೀದಿಯವರೆಲ್ಲ ಅವನನ್ನು 'ಸೂಜಿಯವನು' ಎನ್ನುತ್ತಿದ್ದರು.

"ನಾಳೆ ಗಾಡಿ ತಗೊಂಡು ನಮ್ಮ ಅಂಗಡಿಗೆ ಬನ್ನಿ. ಆ ಮೂರನೇ ಕೈ ನಾನು ಹಾಕಿಕೊಡ್ತೀನಿ" ಎಂದಳು.

ಅಂಗಡಿ ಅವಳಪ್ಪನದು. ಗಾಡಿಗಳ ಲೈಟು, ಹಾರ್ನು, ಬ್ಯಾಟರಿಯ ಕೆಲಸ. ಅಪ್ಪನ ಕಣ್ಣು ಮಂಜಾದ ಮೇಲೆ ಅವರು ಸ್ಟೂಲಿನ ಮೇಲೆ ಕೂತು ಮಾತಾಡುತ್ತಿದ್ದರು, ಕೆಲಸವೆಲ್ಲ ಮಗಳದು. ಮನೆ ಅಂಗಡಿಯ ಮೇಲೆಯೇ.

"ಇಂಡಿಕೇಟರ್ ದೀಪಗಳಿಗೆ ಎಂಜಿನ್ನಿಂದಲೇ ಕರೆಂಟು ಎಳೀತೀಯಾ ಪುಟ್ಟಿ?" ಅಪ್ಪ ಕೇಳಿದರು.

"ಬೇಡಪ್ಪ. ಜೋರಾಗಿ ಓಡಿದ್ರೆ ಬಲ್ಬು ಸುಟ್ಟೋಗುತ್ತೆ, ಗಾಡಿ ನಿಂತ್ರೆ ಮಂಕಾಗುತ್ತೆ. ಬೇರೆ ಬ್ಯಾಟರೀನೇ ಇಡ್ತೀನಿ."

ಮೋಟಾರು ಕೂರಿಸಿದ ಸೈಕಲ್ಲೆಂದರೆ ಅದರ ನಡುಕ ಕೇಳಬೇಕೇ! ನಟ್ಟುಗಳೇ ಸಡಿಲವಾಗಿ ಬೀಳುತ್ತವೆ. ಅವಳು ಪ್ರತಿ ಜೋಡಣೆಯನ್ನೂ ಬೆಸುಗೆ ಹಾಕಿ, ಮೇಲೆ ಪ್ಲಾಸ್ಟಿಕ್ ಕೊಳವೆ ತೊಡಿಸಿದಳು. ದೀಪಗಳ ಬುಡಕ್ಕೆ ರಬ್ಬರ್ ಕೊಟ್ಟಳು. ತುಕ್ಕು ಹಿಡಿದ ಚೌಕಟ್ಟನ್ನು ನಂಬದೆ ಒಂದೊಂದು ದೀಪಕ್ಕೂ ಬೇರೆ ಅರ್ತ್ ವೈರು ಎಳೆದಳು. ಒಂದೇ ದಿನದ ಕೆಲಸ ಅದು. ಆದರೆ ನಮ್ಮ ಹುಡುಗಿ ಅದನ್ನು ವಾರವೆಲ್ಲ ಎಳೆದಾಡಿದಳು! ಅಪ್ಪನಿಗೆ ಗೊತ್ತಾಗಲಿಲ್ಲವೆಂದಲ್ಲ. ಅವರು ಬಾಯಿ ಬಿಡಲಿಲ್ಲ ಅಷ್ಟೇ.

ಸಂಜೆ ಅವನು ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ಕೇಳುವ ಮುಂಚೆಯೇ ಕಟಿಂಗ್ ಪ್ಲೇಯರ್ ಅವಳ ಕೈಗಿಡುತ್ತಿದ್ದ.

ಕೊನೆಯ ದಿನ ಪರೀಕ್ಷೆ. ಅವನು ಸೀಟಿನ ಮೇಲೆ, ಅವಳು ಹಿಂದೆ.

"ಎಡ ಹಾಕಿ!"

"ಹತ್ತಿತಾ?"

"ಹತ್ತಿತು. ಬಲ! ಬ್ರೇಕು!"

ಪ್ರತಿ ಸಲವೂ ಅವನು ಹಿಂತಿರುಗಿ ನೋಡುತ್ತಿದ್ದ. ದೀಪವನ್ನಂತೂ ನೋಡುತ್ತಿರಲಿಲ್ಲ.

"ಇನ್ನು ಕೆಡೋ ಮಾತೇ ಇಲ್ಲ!" ಎಂದಳು, ಹೆಮ್ಮೆಯಿಂದ ಕೈ ಒರೆಸಿಕೊಳ್ಳುತ್ತಾ.

ಗಾಡಿ ಬೀದಿಯ ಕೊನೆ ಮುಟ್ಟಿತು. ಆಗ ಅವಳ ಮುಖ ಸಪ್ಪಗಾಯಿತು. 'ಕೆಡೋದೇ ಇಲ್ಲ ಅಂದ್ರೆ... ಇನ್ನು ಅವರು ಯಾಕೆ ಬರ್ತಾರೆ?'

ಅಂದಿನಿಂದ ಮುಂಜಾನೆಯ ನಿದ್ದೆಗೆ ಎಳ್ಳುನೀರು. ಕತ್ತಲು ಸಡಿಲವಾಗುವ ಹೊತ್ತಿಗೆ ಕಿಟಕಿಯ ಬಳಿ ನಿಲ್ಲುವಳು. ದೂರದಿಂದ ಮೋಟಾರಿನ ಸದ್ದು ಕೇಳುವುದು... ಅವನು ಬರುವನು, ಹೋಗುವನು. ಆ ಒಂದು ನಿಮಿಷದಲ್ಲಿ ಇಡೀ ದಿನ ಕಳೆಯುವಳು.

ಒಂದು ಬೆಳಗ್ಗೆ, ಸರಿಯಾಗಿ ಅವಳ ಮನೆಯ ಮುಂದೆ, ಗಾಡಿಯ ಬಲಗಡೆಯ ದೀಪ ಮಿಣುಕ್ ಮಿಣುಕ್ ಎಂದು ಹತ್ತಿ ಆರಿತು.

ಅವಳ ಎದೆ ಧಸಕ್ಕೆಂದಿತು. ಅಲ್ಲಿ ಬಲಕ್ಕೆ ತಿರುವೇ ಇಲ್ಲ! ಇರುವುದು ಅವಳ ಮನೆಯೊಂದೇ.

'ಅಯ್ಯೋ, ಎಲ್ಲೋ ಶಾರ್ಟ್ ಆಗ್ತಿದೆ!'

ನೋಡಿದಿರಾ? ಬೇರೆ ಯಾವ ಹುಡುಗಿಯಾದರೂ ನಾಚಿ ನೀರಾಗುತ್ತಿದ್ದಳು. ಇವಳು ಟೆಸ್ಟರ್ ಹುಡುಕಿದಳು.

ಮರುದಿನವೂ ಹತ್ತಿತು. ಅವಳು ಓಡಿ ಬಂದು ಗಾಡಿ ನಿಲ್ಲಿಸಿ, ಸ್ವಿಚ್ಚು ಬಿಚ್ಚಿದಳು, ವೈರುಗಳನ್ನು ಒಂದೊಂದಾಗಿ ತಡವಿದಳು. ಎಲ್ಲವೂ ಸರಿಯಾಗಿತ್ತು. ಅವನು ಪಕ್ಕದಲ್ಲಿ ಕೆಂಪಗಾಗಿ ನಿಂತಿದ್ದ.

"ಮೇಡಂ, ಅದು... ನಾನು..."

"ಸುಮ್ನಿರಿ, ನೋಡ್ತಾ ಇದೀನಲ್ಲ!"

ಸ್ವಿಚ್ಚು ನೀವೇ ಒತ್ತಿದಿರಾ ಎಂದು ಕೇಳಲು ಅವಳಿಗೆ ಹೊಳೆಯಲೇ ಇಲ್ಲ. ತಿರುವಿಲ್ಲದ ಕಡೆ ಬುದ್ಧಿ ಇರುವವರು ಯಾರಾದರೂ ಒತ್ತುತ್ತಾರೆಯೇ?

ಹೊಸ ವೈರು ಹಾಕಿದಳು. ದೀಪ ಮಿಣುಕಿಸುವ ಫ್ಲಾಶರನ್ನೂ ಹೊಸದು ಹಾಕಿದಳು. ಆದರೂ ಬೆಳಗಾದರೆ ಬಲಗಡೆಯ ದೀಪ ಮಿಣುಕುತ್ತಲೇ ಇತ್ತು. ಅವಳಿಗೆ ಅನ್ನ ಸೇರದಾಯಿತು. ಕಣ್ಣು ಮುಚ್ಚಿದರೆ ಒಂದೇ ಚಿತ್ರ: ದೊಡ್ಡ ರಸ್ತೆ, ಹಿಂದೆ ಒಂದು ಲಾರಿ, ತಾನಾಗಿ ಹತ್ತಿದ ಸುಳ್ಳು ದೀಪ, ಅದನ್ನು ನಂಬಿ ಲಾರಿಯವನು ಎಡಕ್ಕೆ ನುಗ್ಗುತ್ತಾನೆ... ಜೀವ ಬಾಯಿಗೆ ಬರುತ್ತಿತ್ತು. 'ನನ್ನ ಕೈಯಾರೆ ಅವರನ್ನ ಸಾವಿಗೆ ಕಳಿಸ್ತಿದೀನಾ?'

ಅವನನ್ನು ದಿನವೂ ನೋಡುವ ಆಸೆ ಒಂದು ಕಡೆ. ಅವನ ಪ್ರಾಣ ಇನ್ನೊಂದು ಕಡೆ. ಅವಳು ಪ್ರಾಣವನ್ನೇ ಆರಿಸಿಕೊಂಡಳು: ತನ್ನ ಮುಲಾಜಿಗೆ ಅವನು ಮತ್ತೆ ಇಲ್ಲಿಗೇ ಬರಬಾರದು.

"ಇನ್ಮೇಲೆ ಈ ಕಡೆ ಬರಬೇಡಿ" ಎಂದಳು, ಅವನ ಮುಖ ನೋಡದೆ. "ಸೇತುವೆ ಆಚೆ ನಮ್ಮ ಸೋದರಮಾವನ ಗ್ಯಾರೇಜಿದೆ. ಅಲ್ಲಿಗೆ ಹೋಗಿ. ಇದು ನನ್ನ ಕೈಲಾಗಲ್ಲ."

ಅವನು ಬಲಗಡೆಯ ದೀಪದ ಮೇಲೆ ಕೈಯಿಟ್ಟ.

"ಆ ದೀಪ ಯಾಕೆ ಹತ್ತುತ್ತೆ ಅಂತ... ನಿಮಗೆ ಅರ್ಥ ಆಗಿದೆಯಾ?"

"ಚೆನ್ನಾಗಿ ಆಗಿದೆ. ಅದಕ್ಕೇ ಹೇಳ್ತಿರೋದು, ಬೇಡ ಅಂತ."

"ಸರಿ ಮೇಡಂ. ಇನ್ನು ತೊಂದರೆ ಕೊಡಲ್ಲ."

ಗಾಡಿಯನ್ನು ಸ್ಟಾರ್ಟ್ ಕೂಡ ಮಾಡದೆ, ತಳ್ಳಿಕೊಂಡೇ ಹೋದ.

ಮರುದಿನ ಆ ಸದ್ದು ಬರಲಿಲ್ಲ. ಅದರ ಮರುದಿನವೂ ಇಲ್ಲ. ಯಾವುದೋ ಮೊಪೆಡ್ ಹೋದರೂ ಅವಳು ಕಿಟಕಿಗೆ ಓಡುವಳು, ಅಲ್ಲ ಎಂದು ಗೊತ್ತಾದ ಮೇಲೂ ಅಲ್ಲೇ ನಿಲ್ಲುವಳು. ಹಗಲೆಲ್ಲ ಬೇರೆಯವರ ಗಾಡಿಗಳಿಗೆ ದೀಪ ಹಾಕುವಳು. "ಎಡ ಹಾಕಿ, ಬಲ ಹಾಕಿ" ಎನ್ನುವಳು. ಯಾರೂ ಹಿಂತಿರುಗಿ ನೋಡುತ್ತಿರಲಿಲ್ಲ.

'ಎಲ್ಲಾದ್ರೂ ಇರ್ಲಿ, ಚೆನ್ನಾಗಿರ್ಲಿ' ಎಂದುಕೊಳ್ಳುವಳು. ಎಂದುಕೊಂಡು ಅಳುವಳು. ಅವನನ್ನು ಒಮ್ಮೆ, ಬರೀ ಒಮ್ಮೆ ನೋಡಬೇಕೆಂದು ಎದೆ ಹಂಬಲಿಸುತ್ತಿತ್ತು.

ಒಂದು ಭಾನುವಾರ ಸೋದರಮಾವ ಬಂದರು. ಚಪ್ಪಲಿ ಬಿಡುವ ಮುಂಚೆಯೇ ಶುರುವಾಯಿತು.

"ಅಲ್ಲ ಪುಟ್ಟಿ, ಆ ಸೂಜಿ ಹುಡುಗನ್ನ ಯಾಕೆ ನನ್ನ ಹತ್ರ ಕಳಿಸಿದ್ದೆ? ಪೂರ್ತಿ ಬಿಚ್ಚಿ ನೋಡ್ದೆ. ಒಂದು ಕುಂದಿಲ್ಲ! ನಾನೂ ಇಷ್ಟು ಅಚ್ಚುಕಟ್ಟಾಗಿ ಮಾಡಲ್ಲ."

"ಇಲ್ಲ ಮಾವ! ಬಲಗಡೆ ದೀಪ ತಾನಾಗೇ ಹತ್ತುತ್ತೆ!"

"ತಾನಾಗೇ ಹತ್ತೋಕೆ ಅದಕ್ಕೇನು ದೆವ್ವ ಹಿಡಿದಿದ್ಯಾ? ಬೆರಳಲ್ಲಿ ಒತ್ತಿದ್ರೆ ಹತ್ತುತ್ತೆ. ಎಲ್ಲೆಲ್ಲಿ ಹತ್ತುತ್ತೆ?"

"ನಮ್ಮನೆ ಮುಂದೆ."

"ಇನ್ನೆಲ್ಲಿ?"

"ಇನ್ನೆಲ್ಲೂ... ನಾನು ನೋಡಿಲ್ಲ..."

ಮಾವ ಅಪ್ಪನ ಕಡೆ ತಿರುಗಿದರು. "ಭಾವ, ನಿಮ್ಮ ಮಗಳಿಗೆ ವೈರಿಂಗು ಒಂದು ಬಿಟ್ಟು ಬೇರೇನೂ ಕಲಿಸಲಿಲ್ವಾ?"

ಅಪ್ಪ ನಕ್ಕುಬಿಟ್ಟರು. ಅವಳು ನಿಂತಲ್ಲೇ ನಿಂತಳು. 'ಬೇಡ ಅಂತ ನಾನೇ ಹೇಳಿದೆ... ಅರ್ಥ ಆಗಿದೆ ಅಂತಾನೂ ಹೇಳಿದೆ. ಅಯ್ಯೋ ದೇವರೇ, ಅವರು ಏನಂದ್ಕೊಂಡ್ರೋ!'

ಮರುದಿನ ಲ್ಯಾಬಿನ ಬಾಗಿಲು ತೆರೆಯುವಾಗಲೇ ಅವಳು ಅಲ್ಲಿದ್ದಳು. ಒಳಕೋಣೆಯಲ್ಲಿ, ರಕ್ತ ಕೊಡಲು ಕೈಯಿಟ್ಟು ಕೂರುವ ಕುರ್ಚಿಯಲ್ಲಿ ಕೂತಳು. ಅವನು ಹೊಸ ಸೂಜಿಯ ಪೊಟ್ಟಣ ನೋಡುತ್ತಲೇ ಬಂದ. ಮುಖ ಬಾಡಿತ್ತು.

"ತೋಳು ಮೇಲೆ ಮಾಡಿ. ಮುಷ್ಟಿ ಬಿಗಿ ಹಿಡೀರಿ." ತಲೆಯೆತ್ತದೆ ತೋಳಿಗೆ ರಬ್ಬರ್ ಪಟ್ಟಿ ಬಿಗಿದ. "ಖಾಲಿ ಹೊಟ್ಟೇಲಿ ಬಂದಿದೀರಾ?"

"ಊಟ ಸೇರ್ತಿಲ್ಲ. ಖಾಲಿನೇ."

ಅವನ ಕೈ ನಿಂತಿತು.

"ಯಾವ... ಯಾವ ಟೆಸ್ಟು?"

"ದಿನಾ ಬೆಳಗ್ಗೆ ಕಿಟಕಿ ಹತ್ರ ನಿಂತು ದಾರಿ ಕಾಯೋ ಕಾಯಿಲೆಗೆ ಯಾವ ಟೆಸ್ಟು ಮಾಡ್ತಾರೋ ಅದು."

ಅವನು ನಿಧಾನವಾಗಿ ತಲೆಯೆತ್ತಿದ. ಅವಳ ಕಣ್ಣು ತುಂಬಿತ್ತು.

"ಸ್ವಿಚ್ಚು ಯಾಕೆ ಒತ್ತಿದ್ರಿ? ಬಾಯಲ್ಲಿ ಹೇಳೋಕೆ ಏನಾಗಿತ್ತು ನಿಮಗೆ?"

"ನಿಮ್ಮನೆ ಬಲಗಡೆ ಇದೆ ಮೇಡಂ. ಒಳಗೆ ಬರೋ ಧೈರ್ಯ ಇರಲಿಲ್ಲ. ಬರೋ ಆಸೆ ಇದೆ ಅಂತಾದ್ರೂ ತಿಳೀಲಿ ಅಂತ... ಹಿಂದೆ ಯಾರೂ ಇಲ್ಲ ಅಂತ ನೋಡ್ಕೊಂಡೇ ಒತ್ತುತ್ತಿದ್ದೆ. ದೀಪ ಕೆಟ್ಟಿದ್ರೆ ಅದೇ ನೆಪ ಮಾಡ್ಕೊಂಡು ಬರ್ತಿದ್ದೆ. ನೀವು ಕೆಡೋ ಹಾಗೆ ಮಾಡ್ಲೇ ಇಲ್ವಲ್ಲ!"

"ನಾನು ಶಾರ್ಟ್ ಅಂದ್ಕೊಂಡೆ..."

"ಏನು?"

"ವೈರಿಂಗ್ ಕೆಟ್ಟಿದೆ ಅಂದ್ಕೊಂಡೆ! ನನ್ನ ಕೆಲಸದಿಂದ ನಿಮ್ಮ ಜೀವಕ್ಕೆ ಏನಾದ್ರೂ ಆದ್ರೆ ನಾನು ಹೇಗೆ ಬದುಕಲಿ ಅಂತ ಮಾವನ ಹತ್ರ ಕಳಿಸ್ದೆ!"

ಅವನು ಬೆಪ್ಪಾಗಿ ನೋಡಿದ. "ನಾನು ಬೇಡ ಅಂದ್ರಿ ಅಂದ್ಕೊಂಡೆ..."

"ಬೇಡ ಅಂದವಳು ಇಲ್ಲಿಗೆ ಬಂದು ತೋಳು ಚಾಚಿ ಕೂರ್ತಾಳಾ? ನೀವು ಬೇಕು ನನಗೆ. ಇಷ್ಟು ದಿನ ಹೇಗೆ ಕಳೆದೆ ಅಂತ ನನಗೇ ಗೊತ್ತು."

ಅವನು ಸೂಜಿಯ ಪೊಟ್ಟಣವನ್ನು ಪಕ್ಕಕ್ಕೆ ಸರಿಸಿದ.

"ನೀವಿಲ್ಲದ ರಸ್ತೇಲಿ ಗಾಡಿ ಓಡಿಸೋಕೇ ಬೇಜಾರು..." ಎಂದ.

ಹೊರಗೆ ಕಾದವರು ಬಾಗಿಲು ತಟ್ಟಿದರು. ಇಬ್ಬರಿಗೂ ಕೇಳಿಸಲಿಲ್ಲ.

"ರೀ... ಈ ಪಟ್ಟಿ ಬಿಚ್ಚಿ. ಕೈ ಜೋಮು ಹಿಡೀತಿದೆ."

"ಅಯ್ಯಯ್ಯೋ!" ಗಡಿಬಿಡಿಯಿಂದ ಪಟ್ಟಿ ಬಿಚ್ಚಿ, ಅವಳ ಅಂಗೈಯನ್ನು ತನ್ನೆರಡು ಕೈಗಳ ನಡುವೆ ಇಟ್ಟು ಮೆಲ್ಲಗೆ ಉಜ್ಜಿದ. ಉಜ್ಜುತ್ತಲೇ ಇದ್ದ.

"ಜೋಮು ಹೋಯ್ತಾ?"

"ಆಗ್ಲೇ ಹೋಯ್ತು" ಎಂದಳು. "ಆದ್ರೂ ಹಿಡ್ಕೊಂಡಿರಿ."