ಟವೆಲ್ ಕೆಳಗಿನ ಕೈ

ಹೊನ್ನಾಳಿಯ ದನದ ಸಂತೆಯಲ್ಲಿ, ಬೆಳಗ್ಗೆ ಎಂಟೂವರೆಗೆ, ಕೊಟ್ರಬಸಪ್ಪನ ಟವೆಲ್ ಕೆಳಗೆ ಬಳೆ ತೊಟ್ಟ ಕೈಯೊಂದು ಬಂತು. ಅವನು ಕೆಂಡ ಮುಟ್ಟಿದವನಂತೆ ತನ್ನ ಕೈ ಹಿಂದಕ್ಕೆಳೆದುಕೊಂಡ.

ಜಗಳೂರಿನ ಕೊಟ್ರಬಸಪ್ಪನಿಗೆ ನಲವತ್ತೊಂಬತ್ತು ವರ್ಷ. ಅದರಲ್ಲಿ ಇಪ್ಪತ್ತಾರು ವರ್ಷ ದನದ ವ್ಯಾಪಾರದಲ್ಲೇ ಕಳೆದಿದ್ದ. ಊರೂರು ಸಂತೆ ಸುತ್ತುವವನಿಗೆ ಹೆಣ್ಣು ಕೊಡುವವರು ಸಿಗದೆ ಮದುವೆಯೂ ಆಗಿರಲಿಲ್ಲ.

ಈ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಮಾರುವವನು ಟವೆಲ್ ಹೊದಿಸಿದ ಕೈ ಚಾಚುತ್ತಾನೆ. ಕೊಳ್ಳುವವನು ಒಳಗೆ ಕೈಹಾಕಿ ಅವನ ಬೆರಳು ಹಿಡಿಯುತ್ತಾನೆ. ಹಿಡಿದ ಬೆರಳುಗಳೇ ಬೆಲೆ: ಮೊದಲು ಹತ್ತು ಸಾವಿರದ ಲೆಕ್ಕ, ಆಮೇಲೆ ಸಾವಿರದ ಲೆಕ್ಕ. ಸುತ್ತ ನಿಂತವರಿಗೆ ಕಾಣುವುದು ಇಬ್ಬರ ಮುಖ ಮಾತ್ರ. ಆ ಮುಖಗಳಲ್ಲಿ ಏನೂ ಕಾಣಬಾರದು. 'ಆತು' ಎಂಬ ಮಾತು ಬಿದ್ದರೆ ವ್ಯಾಪಾರ ಮುಗಿಯಿತು. ಅಲ್ಲಿಂದ ಯಾರೂ ಹಿಂದೆ ಸರಿಯುವುದಿಲ್ಲ.

"ಯಾಕ್ರೀ, ನನ್ನ ಕೈಯೇನು ಕಚ್ತೈತಾ?" ಎಂದಳು ಎದುರಿಗಿದ್ದವಳು.

"ಬಾಯಲ್ಲಿ ಹೇಳ್ರಮ್ಮ."

"ಮೂರು ವಾರ ಬಾಯಲ್ಲೇ ಹೇಳಿದೀನಿ. ನಾನು ಅರವತ್ತು ಅಂದ್ರೆ ಹಿಂದೆ ನಿಂತೋರು ಅರವತ್ತೊಂದು ಅಂತಾರೆ. ಒಂದು ಹಸೂನೂ ಕೈಗೆ ಹತ್ತಿಲ್ಲ."

ಪಕ್ಕದಲ್ಲಿದ್ದ ಹಿರಿಯ ವ್ಯಾಪಾರಿ ಬೆನಕಪ್ಪ ಬಾಯಲ್ಲಿದ್ದ ಬೀಡಿ ತೆಗೆದ. "ಟವೆಲ್ ಕೆಳಗೆ ಹೆಂಗಸಿನ ಕೈ. ಇನ್ನೇನು ನೋಡಾಕೆ ಉಳಿದೈತೋ ಕೊಟ್ರಾ."

ಅವಳು ಬೆನಕಪ್ಪನತ್ತ ತಿರುಗಲಿಲ್ಲ. ಹಸುವಿನ ಕೆಚ್ಚಲು ಮುಟ್ಟಿ ನೋಡುತ್ತಲೇ ತನ್ನ ವಿಷಯ ಹೇಳಿದಳು. ಹೆಸರು ಅರುಣಾ. ವಯಸ್ಸು ನಲವತ್ನಾಲ್ಕು. ಗಂಡ ತೀರಿಕೊಂಡು ಹನ್ನೊಂದು ವರ್ಷ. ಚನ್ನಗಿರಿ ಕಡೆಯ ಹಳ್ಳಿಯೊಂದರ ಹಾಲಿನ ಡೈರಿಯಲ್ಲಿ ಹತ್ತೊಂಬತ್ತು ವರ್ಷ ಸೆಕ್ರೆಟ್ರಿ. ಹೋದ ತಿಂಗಳು ರಾಜೀನಾಮೆ ಕೊಟ್ಟು ಫುಲ್‌ಟೈಮ್ ಹಸು ವ್ಯಾಪಾರಕ್ಕಿಳಿದಿದ್ದಾಳೆ. ಡೈರಿಯ ಕುರ್ಚಿಯಲ್ಲಿ ಆಗಲೇ ಬೇರೆಯವರು ಕೂತಿದ್ದಾರೆ. ನ್ಯಾಮತಿಯ ಮಹಿಳಾ ಸಂಘದವರು ನಾಲ್ಕು ಹಸು ಕೇಳಿದ್ದಾರೆ. ಇವತ್ತು ಒಂದಾದರೂ ತಲುಪದಿದ್ದರೆ ಬೇರೆಯವರ ಹತ್ತಿರ ಹೋಗುತ್ತಾರಂತೆ.

"ಇದು ಹದಿನಾಲ್ಕು ಲೀಟರ್ ಕೊಡ್ತೈತೆ ಅಂತ ಕೂಗ್ತಿದ್ರಲ್ಲ. ಹನ್ನೆರಡರ ಮೇಲೆ ಕೊಡಲ್ಲ ಬಿಡ್ರಿ."

ಕೊಟ್ರಬಸಪ್ಪ ದಂಗಾದ. ಹಸು ಕೊಡುತ್ತಿದ್ದುದು ಸರಿಯಾಗಿ ಹನ್ನೆರಡೇ ಲೀಟರ್.

ಅವನು ಮತ್ತೆ ಟವೆಲ್ ಹೊದಿಸಿ ಕೈ ಚಾಚಿದ. ಸುತ್ತಲಿದ್ದವರು ಹತ್ತಿರ ಸರಿದರು.

ಅವಳ ಬೆರಳುಗಳು ಒರಟಾಗಿದ್ದವು, ಹಾಲಿನ ಕ್ಯಾನ್ ಎತ್ತಿ ಎತ್ತಿ. ಆದರೆ ಅವಸರವಿಲ್ಲ. ಅವನ ಬೆರಳನ್ನು ಒಂದೊಂದಾಗಿ ಹುಡುಕಿ ಹಿಡಿದವು. ಅವಳ ಕಣ್ಣು ಅವನ ಕಣ್ಣಲ್ಲೇ ಇತ್ತು. ಆ ಕಣ್ಣಲ್ಲಿ ಏನೂ ಇರಲಿಲ್ಲ, ಬಲಗಡೆಯ ಹುಬ್ಬು ಮಾತ್ರ ಒಂದು ಕೂದಲಿನಷ್ಟು ಮೇಲೇರಿತ್ತು. ಕೊಟ್ರಬಸಪ್ಪ ಆ ಹುಬ್ಬನ್ನೇ ನೋಡುತ್ತ, "ಆತು" ಎಂದುಬಿಟ್ಟ.

"ಅರವತ್ತೆರಡು," ಎಂದು ಅವಳು ದುಡ್ಡು ಎಣಿಸಿ ಕೊಟ್ಟಾಗಲೇ ಅವನಿಗೆ ಎಚ್ಚರವಾದದ್ದು. ಆ ಹಸುವನ್ನು ಅವನು ಕೊಂಡದ್ದು ಅರವತ್ತನಾಲ್ಕಕ್ಕೆ.

"ಮುಖ ಯಾಕೋ ಕೆಂಪಾಗೈತೆ?" ಎಂದ ಬೆನಕಪ್ಪ.

"ಬಿಸಿಲು."

"ಮೋಡ ಮುಚ್ಚೈತಲ್ಲೋ."

ಒಬ್ಬ ಟವೆಲ್ ಕೆಳಗೆ ಅವಳಿಗೆ ಕೈ ಚಾಚಿದ ಮೇಲೆ ಉಳಿದವರಿಗೆ ಬಿಗಿ ಹಿಡಿಯುವುದು ಕಷ್ಟವಾಯಿತು. ತಿಂಗಳೊಳಗೆ ನ್ಯಾಮತಿಯ ನಾಲ್ಕೂ ಹಸು ತಲುಪಿದವು. ಚನ್ನಗಿರಿಯ ಸಂತೆಯಲ್ಲಿ ಪರಮೇಶ್ ಎಂಬ ವ್ಯಾಪಾರಿಯ ಟವೆಲ್ ಕೆಳಗೆ ಅವಳ ಕೈ ಇದ್ದುದನ್ನು ಕೊಟ್ರಬಸಪ್ಪ ದೂರದಿಂದ ನೋಡಿದ. ಒಂದು ಚೌಕಾಸಿಗೆ ಇಷ್ಟು ಹೊತ್ತು ಬೇಕೇ ಎನಿಸಿತು.

ಆಮೇಲೆ ಅವನು ಟೀ ಕುಡಿಯುತ್ತಿದ್ದ ಅಂಗಡಿಗೆ ಅವಳೂ ಬಂದಳು.

"ಪರಮೇಶನ ಹತ್ರ ಎರಡು ಹಸು ತಗೊಂಡ್ರಂತೆ, ಸೆಕ್ರೆಟ್ರಿ ಮೇಡಂ."

"ತಗೊಂಡೆ. ಹೊಟ್ಟೆಕಿಚ್ಚಾ?"

"ವ್ಯಾಪಾರದಾಗೆ ಹೊಟ್ಟೆಕಿಚ್ಚು ಎಲ್ಲಿಂದ ಬರ್ತೈತ್ರಿ."

"ಮತ್ತೆ ಆ ಪೇಪರ್ ಕಪ್ ಯಾಕೆ ಹಂಗೆ ಹಿಚುಕ್ತಿದೀರಿ? ಟೀ ಚೆಲ್ತೈತೆ ನೋಡ್ರಿ."

ಅವನು ಕಪ್ ಕೆಳಗಿಟ್ಟ. ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು: "ಆ ಹಸು ನಿಮಗೆ ಅರವತ್ತನಾಲ್ಕಕ್ಕೆ ಬಿದ್ದಿತ್ತಂತೆ. ಬೆನಕಪ್ಪನವ್ರು ಹೇಳಿದ್ರು. ಮತ್ತೆ ಅರವತ್ತೆರಡಕ್ಕೆ ಹೆಂಗೆ ಕೊಟ್ರಿ? ಹೆಂಗಸು ಅಂತ ಕನಿಕರಾನಾ?"

"ಕನಿಕರ ಅಲ್ರಿ."

"ಮತ್ತೇನು?"

ಅವನು ಚೆಲ್ಲಿದ ಟೀಯನ್ನು ಟವೆಲ್ಲಿನಿಂದ ಒರೆಸತೊಡಗಿದ. ಇಪ್ಪತ್ತಾರು ವರ್ಷ ಬೆರಳಲ್ಲೇ ಮಾತಾಡಿದವನು.

ಅವಳ ಮುಖ ಬಿಗಿದುಕೊಂಡಿತು. "ಕನಿಕರ ತಿನ್ನಾಕೆ ನಾನು ಕೆಲ್ಸ ಬಿಟ್ಟು ಬಂದಿಲ್ಲ. ಯಾಕೆ ಅಂತ ಹೇಳೋತನಕ ನಿಮ್ಮ ಟವೆಲ್‌ಗೆ ನಾನು ಕೈ ಹಾಕಲ್ಲ."

ಎರಡು ವಾರ ಅವಳು ಅವನ ಹಸುಗಳನ್ನು ತಿರುಗಿಯೂ ನೋಡಲಿಲ್ಲ. ಮೂರನೆಯ ವಾರ ಜಗಳೂರಿನ ಸಂತೆ. ಅವನದೇ ಊರು, ಎಲ್ಲರೂ ಗೊತ್ತಿದ್ದವರು. ಅವನು ಒಗೆದ ಟವೆಲ್ ಹೊದಿಸಿದ ಕೈ ಚಾಚಿ ಅವಳ ದಾರಿಗೆ ಅಡ್ಡ ನಿಂತ.

"ಹಸು ಎಲ್ಲಿ?"

"ಹಸು ಇಲ್ರಿ. ಅವತ್ತು ಕೇಳಿದ್ದಕ್ಕೆ ಜವಾಬು ಐತೆ. ಕೈ ಕೊಡ್ರಿ."

ಅವಳು ಟವೆಲ್ ಕೆಳಗೆ ಕೈಹಾಕಿದಳು. ಅವನು ಯಾವ ಬೆರಳನ್ನೂ ಹಿಡಿಯಲಿಲ್ಲ. ಅವಳ ಇಡೀ ಕೈಯನ್ನು ತನ್ನ ಅಂಗೈಯೊಳಗೆ ತೆಗೆದುಕೊಂಡ. ಯಾವ ಸಂತೆಯಲ್ಲೂ ಇಲ್ಲದ ರೇಟು ಅದು. ಅವಳ ಕಣ್ಣು ಅಗಲವಾಯಿತು.

"ಇದೇನು?" ಎಂದಳು.

"ಅವತ್ತು ನಿಮ್ಮ ಕೈ ಬಂತು, ನನಗೆ ಎಣಿಸೋದೇ ಮರೆತುಹೋತು. ಇಷ್ಟೇ ಆಗಿದ್ದು. ಕನಿಕರ ಅಲ್ಲ."

ಅರುಣಾ ಕೈ ಬಿಡಿಸಿಕೊಳ್ಳಲಿಲ್ಲ. ಎಡಗೈಯಿಂದ ಟವೆಲ್ಲಿನ ತುದಿ ಹಿಡಿದು ಸರಕ್ಕನೆ ಎಳೆದಳು.

ಹಿಡಿದ ಎರಡು ಕೈ ಇಡೀ ಸಂತೆಯ ಮುಂದೆ ಬಟಾಬಯಲಾದವು. ಹಗ್ಗ ಹಿಡಿದವರು ಹಗ್ಗ ಹಿಡಿದೇ ನಿಂತರು. ಬೆನಕಪ್ಪನ ಬೀಡಿ ಕೆಳಗೆ ಬಿತ್ತು.

"ಈಗ ಬಾಯಲ್ಲಿ ಹೇಳ್ರಿ," ಎಂದಳು.

"ಊರಿಗೆಲ್ಲ ಕೇಳ್ತೈತೆ."

"ಕೇಳ್ಲಿ."

ಕೊಟ್ರಬಸಪ್ಪ ಅವಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. "ಅರುಣಾ ಅವ್ರೇ, ನನ್ನ ಮದುವೆ ಆಗ್ತೀರಾ?" ಎಂದ. ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು.

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಬಲಗಡೆಯ ಹುಬ್ಬು ಒಂದು ಕೂದಲಿನಷ್ಟು ಮೇಲೇರಿತು.

"ಆದ್ಮೇಲೆ ವ್ಯಾಪಾರ ಬಿಡು ಅಂತೀರಾ?"

"ನೀವು ಬಿಟ್ರೆ, ಹಸು ಹನ್ನೆರಡೇ ಲೀಟರ್ ಕೊಡ್ತೈತೆ ಅಂತ ನನ್ನ ಮುಖಕ್ಕೆ ಹೇಳೋರು ಯಾರು?"

ಅವಳು ಟವೆಲನ್ನು ಮಡಿಸಿ ಅವನ ಹೆಗಲ ಮೇಲೆ ಹಾಕಿದಳು.

"ಆತು."