ಎಂಟನೇ ನಂಬರಿನ ಅಚ್ಚು

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಶೂ ಕಂಪನಿಯ ಮ್ಯಾನೇಜರ್ ಠಾಣೆಗೆ ಬಂದು ದೂರು ಕೊಟ್ಟರು. ಕಳುವಾದದ್ದು ಗಂಡಸರ ಎಂಟನೇ ನಂಬರಿನ ಮೂಲ ಅಚ್ಚು, ಒಂದು ಜೊತೆ. ಪಾದದ ಆಕಾರದ ಮರದ ಅಚ್ಚು ಅದು. ಕಂಪನಿಯ ಎಂಟನೇ ನಂಬರಿನ ಶೂಗಳೆಲ್ಲ ಅದರ ಅಳತೆಗೇ ತಯಾರಾಗುತ್ತವೆ.

"ಶೂ ಬಿಟ್ಟು ಕಟ್ಟಿಗೆ ಕದ್ದಿದ್ದಾರೆ ಸಾರ್" ಎಂದ ಹೆಡ್ ಕಾನ್‌ಸ್ಟೆಬಲ್. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ ಜೀಪು ಹತ್ತಿದರು.

ಅಚ್ಚಿನ ಕೋಣೆಯ ಬೀಗ ಮುರಿದಿರಲಿಲ್ಲ. ದುಬಾರಿ ಹೊಸ ಶೂಗಳು ಕಪಾಟಿನಲ್ಲಿ ಇದ್ದಹಾಗೇ ಇದ್ದವು. ಕೀಲಿ ಇದ್ದದ್ದು ಕೋಣೆ ನೋಡಿಕೊಳ್ಳುವ ಹೆಂಗಸಿನ ಬಳಿ ಮಾತ್ರ. ಕಾರ್ಖಾನೆಗೆಲ್ಲ ಆಕೆ ಅಕ್ಕ. ಸಂಜೆಯೊಳಗೆ ಅಚ್ಚು ಸಿಗದಿದ್ದರೆ ಆಕೆಯನ್ನು ಕೆಲಸದಿಂದ ತೆಗೆಯುವುದಾಗಿ ಮ್ಯಾನೇಜರ್ ಆಕೆಯ ಎದುರೇ ಹೇಳಿದರು. ಆಕೆಯ ದುಡಿಮೆಯಿಂದಲೇ ಮನೆಯ ಒಲೆ ಉರಿಯಬೇಕು. ಪಂಚನಾಮೆ ಮುಗಿಯುವವರೆಗೂ ಅಕ್ಕ ಸೆರಗು ಹಿಂಡುತ್ತಾ ನಿಂತಿದ್ದಳು.

"ನಿನ್ನೆ ಇಲ್ಲಿಗೆ ಯಾರು ಬಂದಿದ್ರು?"

"ಎಂಟಣ್ಣ ಬಿಟ್ರೆ ಯಾರೂ ಇಲ್ಲ ಸಾರ್."

"ಯಾರದು?"

"ಹೊಸ ಶೂ ಮೊದಲು ಹಾಕಿ ನೋಡೋರು. ಅವರ ಕಾಲು ಪಕ್ಕಾ ಎಂಟು. ಅವರು ಸರಿ ಇದೆ ಅಂದ್ರೆ ಮುಗೀತು, ಮಾರೋಕೆ ಹೋಗುತ್ತೆ."

"ಅವರೊಬ್ಬರನ್ನೇ ಬಿಟ್ಟು ಹೋಗಿದ್ರಾ?"

"ಟೀ ತರೋಕೆ ಹೋಗಿದ್ದೆ. ಅವರಿಗೇ."

ನಾಳೆ ಎಂಟಣ್ಣನ ಪಾದವನ್ನೂ ಅಚ್ಚನ್ನೂ ಅಳೆದು ಹೋಲಿಸುವುದಿತ್ತು ಎಂದು ಮ್ಯಾನೇಜರ್ ನಡುವೆ ಬಾಯಿ ಹಾಕಿದರು. ಇನ್‌ಸ್ಪೆಕ್ಟರ್ ಅದನ್ನು ಮನಸ್ಸಿನಲ್ಲಿಟ್ಟುಕೊಂಡರು.

ಎಂಟಣ್ಣ ಐವತ್ತು ದಾಟಿದ ಸಾಧು ಮನುಷ್ಯ. ಎಲ್ಲರ ಕಾಲಲ್ಲೂ ಕಂಪನಿಯ ಶೂ ಇದ್ದರೆ ಅವನ ಕಾಲಲ್ಲಿ ಹವಾಯಿ ಚಪ್ಪಲಿ, ಕಿರುಬೆರಳಿಗೆ ಪ್ಲಾಸ್ಟರ್.

"ಆಣಿನಾ?" ಹೆಡ್ ಕಾನ್‌ಸ್ಟೆಬಲ್ ಬಗ್ಗಿ ಕೇಳಿದ. "ಬಿಗಿ ಶೂ ಹಾಕಿದ್ರೆ ಬರುತ್ತೆ. ನನಗೂ ಇದೆ."

ಎಂಟಣ್ಣ ಕಾಲನ್ನು ಹಿಂದಕ್ಕೆ ಎಳೆದುಕೊಂಡ. ಇನ್‌ಸ್ಪೆಕ್ಟರ್ ಎಂಟನೇ ನಂಬರಿನ ಶೂ ಜೊತೆಯೊಂದನ್ನು ಅವನ ಮುಂದಿಟ್ಟರು. ಅವನು ಹಾಕಿಕೊಂಡು, ಲೇಸು ಕಟ್ಟಿ, ಎದ್ದು ನಿಂತ. ಮುಖದ ಒಂದು ಗೆರೆಯೂ ಅಲುಗಲಿಲ್ಲ. ರೂಢಿ ಅಂದರೆ ಅದು.

"ಹೇಗಿದೆ?"

"ಸರಿ ಇದೆ ಸಾರ್."

"ಸಂಜೆ ಅಕ್ಕನ್ನ ಕೆಲಸದಿಂದ ತೆಗೀತಾರೆ. ಗೊತ್ತಾ?"

ಎಂಟಣ್ಣ ಕುಸಿದು ಕುಳಿತ. "ಅವಳದ್ದೇನೂ ತಪ್ಪಿಲ್ಲ. ಅಚ್ಚು ನಮ್ಮನೇಲಿದೆ."

ಅವನ ಮನೆಯ ಅಡುಗೆಕೋಣೆಯ ಕಿಟಕಿಯಲ್ಲಿ ಅಚ್ಚು ಒಣಗುತ್ತಿತ್ತು. ಕಿರುಬೆರಳಿನ ಬದಿಗೆ ತೆಳ್ಳನೆಯ ಚರ್ಮದ ಪಟ್ಟಿಗಳನ್ನು ಅಂಟಿಸಿ ಉಜ್ಜುಕಾಗದದಿಂದ ನುಣುಪು ಮಾಡಲಾಗಿತ್ತು.

"ಆಫೀಸ್ ಕೆಲಸ ಅಂದ್ರು. ಊಟಕ್ಕೂ ಏಳದೆ ಉಜ್ತಾ ಕೂತಿದ್ರು" ಎಂದಳು ಹೆಂಡತಿ.

"ವಯಸ್ಸಾಗ್ತಾ ಕಾಲು ಅಗಲ ಆಯ್ತು ಸಾರ್. ಅಳತೇಲಿ ಗೊತ್ತಾದ್ರೆ ಮನೆಗೆ ಕಳಿಸ್ತಾರೆ. ಕಾಲನ್ನ ಸಣ್ಣ ಮಾಡೋಕಾಗಲ್ಲ, ಅಚ್ಚನ್ನಾದ್ರೂ ದೊಡ್ಡದು ಮಾಡಿ ಅಳತೆಗೆ ಮುಂಚೆ ವಾಪಸ್ ಇಟ್ಟುಬಿಡೋಣ ಅಂತ."

ಸಂಜೆ ನಾಲ್ಕಕ್ಕೆ ಅವನನ್ನು ಬಂಧಿಸಲಾಯಿತು. ಅಕ್ಕನ ಕೆಲಸ ಉಳಿಯಿತು. ಅಚ್ಚು ಗುರುತಿಸಲು ಠಾಣೆಗೆ ಬಂದ ಮ್ಯಾನೇಜರ್ ಅದರ ಬದಿಯ ಮೇಲೆ ಬೆರಳಾಡಿಸಿದರು.

"ಎಂಟು ನಂಬರ್ ಬಿಗಿಯಾಗುತ್ತೆ ಅಂತ ಎಲ್ಲಾ ಅಂಗಡಿಗಳಿಂದ ದೂರು ಬರ್ತಿತ್ತು. ಇವರನ್ನ ಕೇಳಿದ್ರೆ ಸರಿ ಇದೆ ಅಂತಿದ್ರು. ಅಚ್ಚನ್ನ ಅಗಲ ಮಾಡೋಕೆ ಅಂತಾನೇ ಅಳತೆ ಇಟ್ಟಿದ್ದು."

ಎಂಟಣ್ಣ ತಲೆ ಎತ್ತಿದ. "ಅಂದ್ರೆ ನನ್ನ ತೆಗೆಯೋಕಲ್ವಾ?"

"ಯಾರು ಹೇಳಿದ್ರು ನಿಮಗೆ?"

ಯಾರೂ ಹೇಳಿರಲಿಲ್ಲ. ಇನ್‌ಸ್ಪೆಕ್ಟರಿಗೆ ಅಯ್ಯೋ ಅನ್ನಿಸಿತು. ಕೇಸ್ ಡೈರಿಯಲ್ಲಿ ಕಾರಣ ಎಂಬಲ್ಲಿ 'ಕೆಲಸ ಹೋಗುವ ಭಯ' ಎಂದು ಬರೆದು ಪೆನ್ನು ಮುಚ್ಚಿದರು.

"ನೋಯುತ್ತೆ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ರೀ."

"ಅದನ್ನ ಹೇಳೋದೇ ನನ್ನ ಕೆಲಸ ಆಗಿತ್ತು ಸಾರ್" ಎಂದ ಎಂಟಣ್ಣ.

ಹೆಡ್ ಕಾನ್‌ಸ್ಟೆಬಲ್ ಲಾಕಪ್ಪಿನ ಬಾಗಿಲು ತೆರೆದ.