ಕಲ್ಲಿನಡಿಯ ಮರಳು

ಮೇ ಹನ್ನೊಂದರ ಸೋಮವಾರ ಬೆಳಿಗ್ಗೆ ಠಾಣೆಯ ಬಾಗಿಲು ತೆರೆಯುವಷ್ಟರಲ್ಲಿ ವೆಂಡೆನ್‌ಹಾಗೆನ್ ಊರಿನ ಮೇಯರ್ ಗುಂಡುಲಾ ವೀಸೆ ಉರಿದುಕೊಂಡೇ ಒಳಗೆ ಬಂದರು.

“ಪ್ರೊಫೆಸರ್ ಕೇಟೆಲ್‌ಹೂಟ್ ಅವರ ಕಲ್ಲಿನ ಮೇಲಿದ್ದ, ಅವರ ಹೆಸರಿನ ಕಂಚಿನ ಫಲಕ ಕಿತ್ಕೊಂಡು ಹೋಗಿದಾರೆ. ಶನಿವಾರ ತಾನೇ ಪರದೆ ಸರಿಸಿದ್ವಿ! ಇದು ಆ ರೈತ ಹಾರ್ಮ್ ಪಿಂಗೆಲ್‌ನದೇ ಕೆಲಸ. ಸಮಾರಂಭದಲ್ಲಿ ನನ್ನ ಮುಖದ ಮೇಲೇ ಬೈದಿದ್ದ. ಒಳಗೆ ಹಾಕಿ ಅವನನ್ನ.”

ಇನ್ಸ್‌ಪೆಕ್ಟರ್ ರೊಸ್ವಿತಾ ಬಾರ್ಟೆಲ್ಸ್ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಟೋರ್ಬೆನ್ ಜೊತೆ ಚೌಕಕ್ಕೆ ಹೋದಳು. ಹಿಮಯುಗದಲ್ಲಿ ಮಂಜುಗಡ್ಡೆ ಸ್ವೀಡನ್ನಿನ ಕಡೆಯಿಂದ ಹೊತ್ತು ತಂದು ಹಾರ್ಮ್‌ನ ಹೊಲದಲ್ಲಿ ಇಳಿಸಿ ಹೋದ ಹೆಬ್ಬಂಡೆ ಅದು. ಭೂವಿಜ್ಞಾನಿಯಾದ ಪ್ರೊಫೆಸರರ ಎಂಬತ್ತನೆಯ ಹುಟ್ಟುಹಬ್ಬಕ್ಕೆಂದು ಊರು ಅದನ್ನು ಗುಟ್ಟಾಗಿ ಎತ್ತಿಸಿ ತಂದಿತ್ತು. ಶನಿವಾರ ಪರದೆ ಸರಿದಾಗ ಮುದುಕ ಪ್ರೊಫೆಸರ್ ನಡುಗುತ್ತ ನಿಂತಿದ್ದರು. ಆನಂದ ಉಕ್ಕಿ ಬಂದಿದೆ ಎಂದು ಜನ ಚಪ್ಪಾಳೆ ತಟ್ಟಿದ್ದರು.

ಮಹಜರು ಮಾಡುವಾಗ ಟೋರ್ಬೆನ್ ಬಗ್ಗಿ ನೋಡಿದ. “ಮೇಡಂ, ಹಾರೆ ಹಾಕಿ ಮೀಟಿದಾರೆ. ಆದ್ರೆ ಕಲ್ಲಿಗೆ ಒಂದು ಗೀರೂ ಇಲ್ಲ. ಇಲ್ನೋಡಿ, ಕಂಬಳಿ ಎಳೆ. ಕಲ್ಲಿಗೆ ನೋವಾದೀತು ಅಂತ ಹೊದಿಸಿ ಕಿತ್ತಿದಾನೆ. ಎಂಥಾ ಕಳ್ಳನಪ್ಪ!”

ಹಾರ್ಮ್ ಕೊಟ್ಟಿಗೆಯಲ್ಲಿ ಸಿಕ್ಕ.

“ಫಲಕಕ್ಕೆ ಯಾರೋ ಹಾರೆ ಹಾಕಿದಾರೆ. ನಿನ್ನೆ ರಾತ್ರಿ ಎಲ್ಲಿದ್ರಿ?”

“ಹಸು ಕರು ಹಾಕ್ತಿತ್ತು. ಪಶುವೈದ್ಯರನ್ನ ಕೇಳಿ. ನಾನಾಗಿದ್ರೆ ಹಾರೇನ ಫಲಕಕ್ಕಲ್ಲ, ಮೇಯರಮ್ಮನ ಕಾರಿಗೆ ಹಾಕ್ತಿದ್ದೆ.”

“ಮತ್ತೆ ಕಲ್ಲು ಯಾಕೆ ಕೊಟ್ರಿ?”

“ಪ್ರೊಫೆಸರ್ ಒಪ್ಪಿದಾರೆ ಅಂತ ಮೇಯರಮ್ಮ ಸುಳ್ಳು ಹೇಳಿದ್ರು ಕಣ್ರೀ! ಅಲುಗಿಸಬೇಡಿ ಅಂತ ಅವರು ನಮ್ಮಪ್ಪನ ಕಾಲದಿಂದ ಬೇಡ್ಕೊಂಡು ಬಂದಿದಾರೆ. ಅಪ್ಪನೂ ನಾನೂ ಅದನ್ನ ಮುಟ್ಟದೆ ಸುತ್ತು ಬಳಸ್ಕೊಂಡೇ ಉತ್ತಿದ್ವಿ.”

ಹೆಸರನ್ನು ಕಿತ್ತೆಸೆದು ಕಲ್ಲನ್ನು ಮಾತ್ರ ಕಾಪಾಡುವವರು ಊರಲ್ಲಿ ಎಷ್ಟು ಜನ? ರೊಸ್ವಿತಾ ಜೀಪನ್ನು ಪ್ರೊಫೆಸರರ ಮನೆಯ ಕಡೆ ತಿರುಗಿಸಿದಳು.

ಫಲಕ ಹೊಸ್ತಿಲ ಮುಂದೆ ಕಾಲೊರಸಿನ ಜಾಗದಲ್ಲಿತ್ತು. ಆರ್ನುಲ್ಫ್ ಕೇಟೆಲ್‌ಹೂಟ್ ತಮ್ಮದೇ ಹೆಸರಿನ ಮೇಲೆ ಬೂಟಿನ ಕೆಸರು ಉಜ್ಜುತ್ತಿದ್ದರು.

“ಹಾರ್ಮ್ ತಂಟೆಗೆ ಹೋಗಬೇಡಿ. ಕಿತ್ತಿದ್ದು ನಾನು.”

“ಯಾಕೆ, ಪ್ರೊಫೆಸರ್?”

“ನೀವು ಪೊಲೀಸರು ತಾನೇ? ಮಹಜರಿಗೆ ಮೊದಲೇ ಹೆಣ ಎತ್ತಿ, ನೆಲ ತೊಳೆದು, ಆಮೇಲೆ ನಿಮಗೇ ಸನ್ಮಾನ ಮಾಡಿದ್ರೆ ಏನ್ಮಾಡ್ತೀರಮ್ಮಾ?”

ಆ ಕಲ್ಲಿನಡಿಯ ಮರಳು ಮಂಜುಗಡ್ಡೆಯ ಕಾಲದಿಂದ ಬಿಸಿಲು ಕಂಡಿರಲಿಲ್ಲ. ಬೆಳಕು ತಾಗಿಸದೆ ತೆಗೆದು ಪರೀಕ್ಷಿಸಿದರೆ, ಅದು ಎಷ್ಟು ಕಾಲ ಕತ್ತಲಲ್ಲಿತ್ತೆಂದು ತಿಳಿಯುತ್ತಿತ್ತು. ಮಂಜುಗಡ್ಡೆ ಇಲ್ಲಿಗೆ ಬಂದದ್ದು ಎಲ್ಲರೂ ಎಣಿಸಿದ್ದಕ್ಕಿಂತ ಬಹಳ ತಡವಾಗಿ ಎಂದು ಯೌವನದಲ್ಲೇ ವಾದಿಸಿ, ಕೇಟೆಲ್‌ಹೂಟ್ ಜೀವಮಾನವಿಡೀ ಸಭೆಗಳಲ್ಲಿ ನಗೆಪಾಟಲಾಗಿದ್ದರು. ಪರೀಕ್ಷೆಯ ವಿದ್ಯೆ ಬಂದಮೇಲೂ ಅನುದಾನ ಸಿಕ್ಕಿರಲಿಲ್ಲ. ಈ ವರ್ಷ ಸಿಕ್ಕಿತ್ತು. ಶರತ್ಕಾಲಕ್ಕೆ ತಂಡ ಬರುವುದಿತ್ತು.

“ನಾನು ಮಗಳ ಮನೆಗೆ ಹೋದಾಗ, ನಡುಮಧ್ಯಾಹ್ನದ ಬಿಸಿಲಲ್ಲಿ ಕಲ್ಲು ಕಿತ್ತಿದಾರೆ! ಯಂತ್ರ ಹಾಕಿ ಮಣ್ಣೆಲ್ಲ ಕಲಸಿ ಜಲ್ಲಿ ಸುರಿದಿದಾರೆ. ನಾನು ಹೇಳಿದ್ದು ಸರಿಯೋ ತಪ್ಪೋ, ಇನ್ನು ನನಗೂ ಗೊತ್ತಾಗಲ್ಲ.”

“ಕಂಬಳಿ?”

“ಕಲ್ಲೇನಮ್ಮಾ ತಪ್ಪು ಮಾಡಿತ್ತು?”

ಹನ್ನೆರಡೂವರೆಗೆ ಬಂಧನ ದಾಖಲಾಯಿತು. ಮೇಯರ್ ಓಡಿ ಬಂದರು.

“ಅಯ್ಯೋ, ನೀವಾ ಸಾರ್! ದೂರು ವಾಪಸ್ ತಗೋತೀನಿ. ನಮ್ಮೂರಿನ ಗೌರವ ನೀವು.”

“ಮತ್ತೆ ಗೌರವ!” ಪ್ರೊಫೆಸರ್ ಮೇಜು ಗುದ್ದಿದರು. “ಕೋರ್ಟಿಗೆ ಕಳಿಸ್ರೀ ನನ್ನ. ಅಲ್ಲಾದ್ರೂ ಪೂರ್ತಿ ಮಾತು ಕೇಳಿಸ್ಕೊಳ್ತಾರೆ.”

ರೊಸ್ವಿತಾ ಮೇಯರ್ ಕಡೆ ತಿರುಗಿದಳು. “ಕಲ್ಲು ಎತ್ತೋ ಮೊದಲು ಇವರನ್ನ ಒಂದು ಮಾತು ಕೇಳಿದ್ರಾ?”

“ಕೇಳಿದ್ರೆ ಅದರಲ್ಲಿ ಮಜಾ ಏನಿರ್ತಿತ್ತು?”

“ಇದು ಸಾರ್ವಜನಿಕ ಸ್ಮಾರಕದ ಕೇಸು. ದೂರು ವಾಪಸ್ ತಗೊಳ್ಳೋಕೆ ಬರಲ್ಲ. ಸಾಕ್ಷಿಗಳ ಪಟ್ಟೀಲಿ ಮೊದಲ ಹೆಸರು ನಿಮ್ಮದೇ ಹಾಕ್ತೀನಿ.”

ದೇವರು ಯುಗಗಟ್ಟಲೆ ಕತ್ತಲಲ್ಲಿ ಜೋಪಾನ ಮಾಡಿದ್ದನ್ನು ಊರು ಪ್ರೀತಿಯಿಂದಲೇ ಕಳೆದಿತ್ತು. ಆ ಪ್ರೀತಿಯ ಮೇಲೆ ಸಿಟ್ಟಾಗುವ ಹಕ್ಕಾದರೂ ತನಗಿದೆಯೆಂದು ಮುದುಕ ಪ್ರೊಫೆಸರ್ ಇನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕಿತ್ತು, ಅಷ್ಟೇ.